ಹನ್ನೆರಡೂ ಸರಿಯಿವೆ

ಬೆಕ್ಕಿನ ಮರಿಯ ಹೊಟ್ಟೆಯ ಹಾಗೆ ಮೆತ್ತಗೆ, ಬೂದು ಬಣ್ಣಕ್ಕೆ, ಫ್ಯಾನಿನ ರೆಕ್ಕೆಗಳ ಸಂದಿಯಿಂದ ಇಡೀ ಒಂದು ಪದರವಾಗಿ ಎದ್ದು ಬಂತು ಧೂಳು, ಒಂಬತ್ತು ವರ್ಷದ ಧೂಳು, ಅದರ ನಡುವೆ ಉದ್ದನೆಯ ಒಂದು ಕೂದಲು, ಬುಡ ಬಿಳಿ ತುದಿ ಕಪ್ಪು, ಯಾರದ್ದು ಅಂತ ಕೇಳುವುದೇ ಬೇಡ, ಮೂರನೇ ನಂಬರಿನ ಮೆಷಿನ್ ಅಂದರೆ ದೂರಮ್ಮನದು, ಇದರ ಮುಂದೆ ಕೂತೇ ಕೂದಲು ನೆರೆಸಿಕೊಂಡು, ಇದರ ಮೇಲೆಯೇ ದೂರು ಬರೆದು ಬರೆದು ಆ ಹೆಸರು ಸಂಪಾದಿಸಿದವಳು — ಸೀನು ಬಂತು, ಒಂದಲ್ಲ, ಸಾಲಾಗಿ ಮೂರು, ಕೈಯಲ್ಲಿದ್ದ ಬ್ರಷ್ಷು ಕ್ಯಾಬಿನೆಟ್ಟಿನೊಳಗೇ ಬಿತ್ತು, ಬಿದ್ದದ್ದು ಸರಿಯಾಗಿ ಪವರ್ ಸಪ್ಲೈ ಹಿಂದೆ, ಬೆರಳು ಹೋಗದ ಜಾಗಕ್ಕೆ, ಇನ್ನೆಲ್ಲಿ ಬೀಳುತ್ತದೆ. ಕಚೇರಿಯ ನಿರ್ವಹಣೆಯವಳು ಇವಳು, ಮೂವತ್ತು ವರ್ಷದಿಂದ ಈ ಪೆಟ್ಟಿಗೆಗಳ ಹೊಟ್ಟೆಗೆ ಕೈ ಹಾಕುತ್ತ ಬಂದಿದ್ದಾಳೆ, ಕಚೇರಿಯವರೆಲ್ಲ ಮೆಷಿನಕ್ಕ ಅನ್ನುತ್ತಾರೆ, ಅಕ್ಕ ಅನ್ನುವುದರಲ್ಲಿ ಪ್ರೀತಿಗಿಂತ ಕೆಲಸ ಹೇಳುವ ಅನುಕೂಲವೇ ಹೆಚ್ಚು, ಮೆಷಿನಕ್ಕ ಇದು ಆನ್ ಆಗ್ತಿಲ್ಲ, ಮೆಷಿನಕ್ಕ ಗೆರೆ ಎಳೆದ್ರೆ ಗೆರೆ ನಾಳೆ ಬರ್ತಿದೆ — ಗೆರೆ ನಾಳೆ ಬರುವುದಂತೂ ನಿಜ, ಊರಿಗೆ ನೀರು ಹರಿಸುವ ಕೊಳವೆಗಳ ನಕ್ಷೆ ಬರೆಯುವ ಕಚೇರಿ ಇದು, ಈಗಿನ ನಕ್ಷೆಗಳೋ ಒಂದೊಂದೂ ಆನೆಭಾರ, ಮೆಷಿನ್‌ಗಳೋ ಮುದಿ, ನಾಲ್ಕು ಒಂಬತ್ತು ವರ್ಷದವು, ಎಂಟು ಆರು ವರ್ಷದವು. ಇವತ್ತು ಹನ್ನೆರಡು ಜನರನ್ನೂ ಕೆಳಗಿನ ಸಭಾಂಗಣಕ್ಕೆ ಸುರಕ್ಷತಾ ತರಬೇತಿ ಅಂತ ಕಳಿಸಿ ಮೇಲಿನ ಈ ಹಾಲನ್ನು ಅವಳೊಬ್ಬಳಿಗೆ ಬಿಟ್ಟಿದ್ದಾರೆ, ಹನ್ನೆರಡು ಮೇಜು, ಹನ್ನೆರಡು ಕ್ಯಾಬಿನೆಟ್ ಬಾಯಿ ತೆರೆದು ಮಲಗಿವೆ, ಎಲ್ಲದರ ಕರುಳೂ ಹೊರಗೆ, ಒಬ್ಬಳೇ ಒಬ್ಬಳು, ಸಂಜೆ ಐದಕ್ಕೆ ಮುಗಿಯಬೇಕಂತೆ, ಐದಕ್ಕೆ.

ಮುಗಿಸಬಹುದಿತ್ತು, ಕೇಂದ್ರ ಕಚೇರಿಯವರು ಕಳಿಸಿದ್ದು ಸರಿಯಾಗಿದ್ದರೆ, ಹಳೆಯ ನಿಧಾನದ ಹಾರ್ಡ್ ಡಿಸ್ಕ್ ತೆಗೆದು ಬೇಗ ಓದುವ ಎಸ್‌ಎಸ್‌ಡಿ ಹಾಕುವುದು, ರ‍್ಯಾಮ್ ಹೆಚ್ಚಿಸುವುದು, ಧೂಳು ತೆಗೆದು ಪ್ರೊಸೆಸರ್ ಮೇಲೆ ಬಿಸಿ ಎಳೆಯುವ ಹೊಸ ಪೇಸ್ಟ್ ಬಳಿಯುವುದು, ಇಷ್ಟು ಮಾಡಿದರೆ ಮುದಿ ಮೆಷಿನ್ ಕೂಡ ಇನ್ನು ನಾಲ್ಕು ವರ್ಷ ಎದ್ದು ಓಡಾಡುತ್ತದೆ, ಅದನ್ನು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು, ಬರೆದು ಕೊಟ್ಟಳು, ಮತ್ತೆ ಬರೆದು ಕೊಟ್ಟಳು, ಹನ್ನೆರಡು ಎಸ್‌ಎಸ್‌ಡಿ, ಇಪ್ಪತ್ತನಾಲ್ಕು ರ‍್ಯಾಮ್. ಬಂದದ್ದು ಎಂಟು ಮತ್ತು ಹದಿನಾರು. ಬೆಳಗ್ಗೆ ಪೆಟ್ಟಿಗೆ ಒಡೆದು ಎಣಿಸಿ, ತಪ್ಪಿತೇನೋ ಎಂದು ಮತ್ತೆ ಎಣಿಸಿ, ಮ್ಯಾನೇಜರ್ ಕೋಣೆಗೆ ಹೋದರೆ ಆತ ತಲೆ ಎತ್ತದೆ, ಸರಿಯಾಗೇ ಇದೆ ಮೇಡಂ, ಎಂಟು ಸಾಕು, ಎಲ್ಲ ಮೆಷಿನ್ನೂ ಅಪ್‌ಗ್ರೇಡ್‌ಗೆ ಲಾಯಕ್ಕಿರಲ್ಲವಲ್ಲ, ಯಾವ ನಾಲ್ಕು ಆಗಲ್ಲ ಅಂತ ಟೆಕ್ನಿಕಲ್ಲಾಗಿ ನೀವೇ ನೋಡಿ ಬರೆದು ಕೊಡಿ. ಒಂದು ಫಾರಂ ಮುಂದೆ ಸರಿಸಿದ, ಮೆಷಿನ್ ನಂಬರ್, ಕೊಂಡ ವರ್ಷ, ಲಾಯಕ್ಕು ಅಥವಾ ಲಾಯಕ್ಕಿಲ್ಲ, ಕೊನೆಯ ಅಂಕಣದಲ್ಲಿ ಸೀಟ್ ಎಂದಷ್ಟೇ, ಕೆಳಗೆ ಸಣ್ಣ ಅಕ್ಷರದಲ್ಲಿ, ಲಾಯಕ್ಕಿಲ್ಲದ ಯಂತ್ರಗಳ ಸೀಟ್‌ಗಳನ್ನು ವಿಲೀನಗೊಳಿಸಲಾಗುವುದು. ಸೀಟು ಅಂದರೆ ಕುರ್ಚಿ ಅಂದುಕೊಂಡಳು ಅವಳು, ದಡ್ಡಿ, ಕುರ್ಚಿಯನ್ನು ಹೇಗೆ ವಿಲೀನ ಮಾಡುತ್ತಾರೆ, ಎರಡು ಕುರ್ಚಿ ಸೇರಿಸಿ ಬೆಂಚು ಮಾಡುತ್ತಾರಾ ಅಂತ ಮೆಟ್ಟಿಲು ಹತ್ತುವಾಗ ತನಗೆ ತಾನೇ ನಕ್ಕೂ ಬಿಟ್ಟಿದ್ದಳು. ಅದು ಒಂಬತ್ತೂವರೆಗೆ. ಈಗ ಹನ್ನೊಂದಾಗುತ್ತ ಬಂತು, ಬ್ರಷ್ಷು ಇನ್ನೂ ಕೈಗೆ ಸಿಗುತ್ತಿಲ್ಲ, ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದರೆ ಬ್ರಷ್ಷಿನ ಬದಲು ಇನ್ನೊಂದು ಧೂಳಿನ ಮರಿ ಬಂತು.

ಫೋನು. ಗಂಡ. ಏನ್ರೀ, ಕೆಲಸದಲ್ಲಿದೀನಿ. ಅಲ್ಲ ಕಣೇ, ಟೇಬಲ್ ಫ್ಯಾನ್ ಬಿಚ್ಚಿ ಎಣ್ಣೆ ಬಿಟ್ಟೆ, ಮತ್ತೆ ಜೋಡಿಸಿದೆ, ತಿರುಗ್ತಾ ಇದೆ, ಆದ್ರೆ ಒಂದು ಸ್ಕ್ರೂ ಉಳೀತು. ತಿರುಗ್ತಾ ಇದ್ರೆ ಬಿಡಿ. ಬಿಡಬಹುದು, ಆದ್ರೆ ಎಲ್ಲಿಂದ ಬಂತು ಅಂತ. ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಕೂರುವ ಮನುಷ್ಯ, ಬಟ್ಟೆಯಲ್ಲಾದರೆ ಒಂದು ಎಳೆ ಹೆಚ್ಚುಕಮ್ಮಿಯಾಗಲು ಬಿಡುವವನಲ್ಲ, ಫ್ಯಾನು ಮಿಕ್ಸಿ ಇಸ್ತ್ರಿಪೆಟ್ಟಿಗೆ ಬಿಚ್ಚಿದರೆ ಮಾತ್ರ ಯಾವತ್ತೂ ಒಂದು ಸ್ಕ್ರೂ ಉಳಿಸುತ್ತಾನೆ, ಅಡುಗೆಮನೆಯ ಡಬ್ಬಿಯೊಂದರಲ್ಲಿ ಇಪ್ಪತ್ತೈದು ವರ್ಷದ ದಾಂಪತ್ಯದ ಸ್ಕ್ರೂಗಳಿವೆ — ನೀನೇ ಬಂದು ನೋಡು ಸಂಜೆ. ಆಯ್ತು, ನೋಡ್ತೀನಿ, ಇಡಿ ಫೋನು. ಎಲ್ಲರದ್ದೂ ಇದೇ ಮಾತು, ನೀನೇ ನೋಡು, ನೀವೇ ನೋಡಿ, ನೋಡಿ ನೋಡಿ ಕಣ್ಣಿನ ನಂಬರು ಎರಡು ಸಲ ಏರಿತು. ಕಿಟಕಿ ಸಾಲಿನ ನಾಲ್ಕು, ಒಂದರಿಂದ ನಾಲ್ಕನೇ ನಂಬರು, ಒಂಬತ್ತು ವರ್ಷದವು, ಅವುಗಳಲ್ಲಿ ಮೂರನೆಯದಕ್ಕೆ ಹೊಸ ರ‍್ಯಾಮ್ ಹಾಕಿ ಗುಂಡಿ ಒತ್ತಿ ನೋಡಿದಳು, ಬೀಪ್, ಬೀಪ್, ಬೀಪ್, ಮೂರು ಸಲ ಕೂಗಿ ಕಪ್ಪು ಪರದೆ. ತೆಗೆದು ರಬ್ಬರಿನಿಂದ ತುದಿ ಉಜ್ಜಿ ಮತ್ತೆ ಹಾಕಿದರೆ ಮತ್ತೆ ಮೂರು ಬೀಪ್, ಪಕ್ಕದ ಸ್ಲಾಟಿಗೆ ಬದಲಾಯಿಸಿದರೂ ಅದೇ ಮೂರು, ಸಾವಧಾನವಾಗಿ, ಮಗುವಿಗೆ ಪಾಠ ಹೇಳುವ ಹಾಗೆ, ಆಗ, ಲ್ಲ, ಮ್ಮ. ನೋಡಲು ಒಂದೇ ಥರ, ಅದೇ ಹಸಿರು ಹಲಗೆ, ಅದೇ ಕಪ್ಪು ಚೌಕಗಳು, ಆದರೆ ಈ ಹಳೆಯ ನಾಲ್ಕಕ್ಕೆ ಸರ್ವರಿಗೆ ಹಾಕುವ ಜಾತಿಯ ರ‍್ಯಾಮೇ ಬೇಕು, ಸಾದಾ ರ‍್ಯಾಮ್ ಇವು ಮುಟ್ಟುವುದಿಲ್ಲ, ಮುದುಕರಿಗೆ ಇರುವ ಪಥ್ಯವೆಲ್ಲ ಇವಕ್ಕೂ ಇದೆ. ಹಾಗಾದರೆ ಸರಿ, ಬರೆದು ಬಿಡೋಣ, ಒಂದು ಎರಡು ಮೂರು ನಾಲ್ಕು, ಲಾಯಕ್ಕಿಲ್ಲ, ಟೆಕ್ನಿಕಲ್ಲಾಗಿ ಸತ್ಯವೇ, ಯಾರೂ ಬೊಟ್ಟು ಮಾಡಲಾರರು, ಮಧ್ಯಾಹ್ನ ಮೂರಕ್ಕೆ ಕೈ ತೊಳೆದುಕೊಂಡು ಮನೆಗೆ ಹೋಗಬಹುದು. ಪೆನ್ನಿನ ಮುಚ್ಚಳ ತೆಗೆದದ್ದೂ ಆಗಿತ್ತು, ಬಾಗಿಲಲ್ಲಿ ತಟ್ಟಣ್ಣ.

ಕನ್ನಡಕ ಮರೆತು ಹೋಗಿದ್ದೆ ತಂಗಿ, ಅಂದ. ಒಂದನೇ ನಂಬರಿನವನು, ನಿವೃತ್ತಿಗೆ ಇನ್ನು ಎರಡು ವರ್ಷ, ನಕ್ಷೆ ಸಿಕ್ಕಿಕೊಂಡಾಗಲೆಲ್ಲ ಕ್ಯಾಬಿನೆಟ್ಟಿನ ನೆತ್ತಿಗೆ ಅಂಗೈಯಿಂದ ಎರಡು ಸಲ ತಟ್ಟುತ್ತಾನೆ, ತಟ್ಟಿದ ಮೇಲೆ ಅದು ಹೊರಡುತ್ತದೆ ಅಂತ ಅವನ ನಂಬಿಕೆ, ತಟ್ಟದಿದ್ದರೂ ಹೊರಡುತ್ತದೆ ತಟ್ಟಣ್ಣ, ಒಳಗೆ ತಿರುಗೋ ಡಿಸ್ಕ್ ಇದೆ, ತಟ್ಟಿದ್ರೆ ಹಾಳಾಗುತ್ತೆ ಅಂತ ಎಷ್ಟು ಸಲ ಹೇಳಿದ್ದಾಳೋ, ಹೂಂ ಅನ್ನುತ್ತಾನೆ, ತಟ್ಟುತ್ತಾನೆ. ಮೇಜಿನ ಮೇಲೆ ಬಿಚ್ಚಿಟ್ಟ ತನ್ನ ಮೆಷಿನ್ ನೋಡಿದ, ಪಕ್ಕದ ಫಾರಂ ನೋಡಿದ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ನಮ್ಮ ಕಿಟಕಿ ಸಾಲೇನಾ ಹೋಗೋದು. ಹೋಗೋದು ಮೆಷಿನ್ನು ಅಣ್ಣ, ಹಳೇದಲ್ವಾ, ಹೊಸ ರ‍್ಯಾಮ್ ತಗೋತಿಲ್ಲ. ಹಾಂ, ಹಾಂ, ಅಂದ, ಆಮೇಲೆ ತೀರಾ ಸಾದಾ ದನಿಯಲ್ಲಿ, ಇನ್ನೊಂದು ಬ್ರಾಂಚಲ್ಲಿ ಹೋದ ತಿಂಗಳು ಹಿಂಗೇ ಮಾಡಿದ್ರಂತೆ, ಸೀಟ್ ವಿಲೀನ ಅಂದ್ರೆ ಮೆಷಿನ್ ಜೊತೆ ಮನುಷ್ಯಾನೂ ಮನೆಗೆ, ನನಗೆ ಬಿಡು, ಎರಡು ವರ್ಷ, ಹಾಗೂ ಹೀಗೂ ನೂಕ್ತೀನಿ, ಪಾಪ ಎರಡನೇ ನಂಬರಿನ ಹೊಸಬನಿಗೆ ಇನ್ನೂ ಮೂವತ್ತು ದಾಟಿಲ್ಲ, ನೀನು ನಿನ್ನ ಕೆಲಸ ಮಾಡಮ್ಮ, ನಿನ್ನ ತಪ್ಪೇನಿದೆ ಇದರಲ್ಲಿ. ಕನ್ನಡಕದ ಪೆಟ್ಟಿಗೆ ಜೇಬಿಗೆ ಹಾಕಿಕೊಂಡು ಹೋದ. ಹೋಗುವಾಗ ಅಭ್ಯಾಸಬಲದಿಂದ ಒಂದನೇ ನಂಬರಿನ ಖಾಲಿ ಡಬ್ಬಿಗೆ ಎರಡು ಸಲ ತಟ್ಟಿಯೇ ಹೋದ, ಟಣ್ ಟಣ್, ಪೊಳ್ಳು ಸದ್ದು.

ಮ್ಯಾನೇಜರ್ ಕೋಣೆಯ ಬಾಗಿಲನ್ನು ತಟ್ಟಿದ್ದು ಅವಳಿಗೆ ನೆನಪಿಲ್ಲ, ಒಳಗೆ ನಿಂತಿದ್ದಷ್ಟೇ ನೆನಪು, ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ಸೀಟ್ ಅಂದ್ರೆ ಏನು ಸಾರ್. ಅದು ನಿಮಗೆ ಬೇಡದ ವಿಷಯ ಮೇಡಂ, ನೀವು ಮೆಷಿನ್ ನೋಡಿ. ಮೆಷಿನ್ನೇ ನೋಡ್ತಿದೀನಿ, ಸೀಟ್ ಅಂದ್ರೆ ಏನು. ಆತ ಕುರ್ಚಿಗೆ ಒರಗಿದ, ಕಣ್ಣ ಕೆಳಗೆ ಎರಡು ಚೀಲ, ನಿದ್ದೆ ಮಾಡಿದವನ ಮುಖವಲ್ಲ ಅದು, ನಾಲ್ಕು ಜನ ಕಮ್ಮಿ ಆಗ್ಬೇಕಂತೆ, ಮೇಲಿಂದ ಬಂದಿದೆ, ಯಾರು ಅಂತ ನನಗೆ ಆರಿಸೋಕೆ ಹೇಳಿದ್ರು, ದಿನಾ ಬೆಳಗ್ಗೆ ಇವರ ಮುಖ ನೋಡೋನು ನಾನು, ಆರಿಸೋಕೆ ನನ್ನ ಕೈಲಾಗಲ್ಲ, ಅದಕ್ಕೇ ಮೆಷಿನ್ ಪ್ರಕಾರ ಹೋಗ್ಲಿ ಅಂತ ನಾನೇ ಸಲಹೆ ಕೊಟ್ಟೆ, ಮೆಷಿನ್ ಹೇಳಿದ್ರೆ ಯಾರೂ ಯಾರನ್ನೂ ಬೈಯೋ ಹಾಗಿಲ್ಲ ನೋಡಿ. ನೋಡಿ. ಮತ್ತೆ ಅದೇ ಮಾತು, ಮೆಷಿನ್ ಹೇಳುವುದಿಲ್ಲ ಸಾರ್, ಮೆಷಿನ್ ಮೂರು ಸಲ ಬೀಪ್ ಅನ್ನುತ್ತದೆ ಅಷ್ಟೇ, ಹೇಳುವವಳು ನಾನು, ಕೆಳಗೆ ಸಹಿ ನನ್ನದು — ಇದನ್ನು ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ, ಮೆಟ್ಟಿಲು ಹತ್ತುತ್ತ ಹತ್ತುತ್ತ ಹೇಳಿದಳು, ಗೋಡೆಗೆ. ಕಿಟಕಿ ಸಾಲು. ತಟ್ಟಣ್ಣ. ಎರಡನೆಯದು ಹೊಸಬ, ಬಂದು ಆರು ವರ್ಷವಾದರೂ ಹೊಸಬನೇ, ಹೋದ ತಿಂಗಳು ತಂದೆಯಾದವನು. ನಾಲ್ಕನೆಯದು ಮೂಲೆಯ ಮೌನಿ, ಅವನ ಬಾಯಲ್ಲಿ ನಮಸ್ಕಾರ ಬಿಟ್ಟು ಬೇರೆ ಮಾತು ಕೇಳಿದವರಿಲ್ಲ. ಮೂರನೆಯದು ದೂರಮ್ಮ. ದೂರಮ್ಮ, ದೂರಮ್ಮ. ಆರು ವರ್ಷದ ಹಿಂದೆ, ಮಗಳ ಶಾಲೆಯಿಂದ ಜ್ವರ ಅಂತ ಫೋನು ಬಂದು ಮೆಷಿನಕ್ಕ ಓಡಿದ್ದ ದಿನ, ಬರೀ ಒಂದೂವರೆ ಗಂಟೆ, ಆ ಒಂದೂವರೆ ಗಂಟೆಯಲ್ಲೇ ಮೂರನೇ ನಂಬರು ಕೆಡಬೇಕೇ, ಆಗಿನ ಮ್ಯಾನೇಜರಿಗೆ ಬಿಳಿ ಹಾಳೆಯಲ್ಲಿ ಬರೆದು ಕೊಟ್ಟಿದ್ದಳು ದೂರಮ್ಮ, ನಿರ್ವಹಣೆಯವರು ತಮ್ಮ ಸ್ಥಾನದಲ್ಲಿ ಲಭ್ಯವಿರಲಿಲ್ಲ. ವಿವರಣೆ ಬರೆಯಬೇಕಾಯಿತು, ಹಾಲಿನ ಮಧ್ಯೆ ನಿಂತು, ಹನ್ನೆರಡು ಜೊತೆ ಕಣ್ಣುಗಳ ಮುಂದೆ. ಅಂದಿನಿಂದ ಕೆಲಸದ ಮಾತು ಬಿಟ್ಟರೆ ಮಾತಿಲ್ಲ. ದೂರಿನ ಚೀಟಿ ಬರುತ್ತದೆ, ಸರಿಮಾಡಿ ಸಹಿ ಹಾಕಿ ಕಳಿಸುತ್ತಾಳೆ, ಮತ್ತೆ ಚೀಟಿ ಬರುತ್ತದೆ, ಮೂರನೇ ನಂಬರಿನ ಕಡತದಲ್ಲಿ ನಲವತ್ತೊಂದು ಚೀಟಿ, ಒಂದರಲ್ಲಿ, ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದಾಗುತ್ತಿದೆ, ಇನ್ನೊಂದರಲ್ಲಿ, ಯಂತ್ರದ ಗಡಿಯಾರವು ಪ್ರತಿದಿನ ಬೆಳಗ್ಗೆ ಒಂಬತ್ತು ವರ್ಷ ಹಿಂದಕ್ಕೆ ಹೋಗಿ ನಾನು ಇಂದೇ ಕೆಲಸಕ್ಕೆ ಸೇರಿದಂತೆ ತೋರಿಸುತ್ತಿದೆ — ಗಡಿಯಾರ ನಡೆಸುವ ಒಳಗಿನ ಬಟನ್ ಸೆಲ್ ಸತ್ತಿತ್ತು, ಅಷ್ಟೇ, ಬಟನ್ ಸೆಲ್ ಬೇಕು ಅಂತ ಬರೆಯಬಹುದಿತ್ತು, ಅದಕ್ಕೊಂದು ಕಾವ್ಯ ಬರೆದಿದ್ದಳು ಪುಣ್ಯಾತ್ಗಿತ್ತಿ. ಇಂಥವಳಿಗಾಗಿ ಈಗ ನಾನು, ಊಟ ಬಿಟ್ಟು — ಸುಮ್ಮನೆ ಬರೆದು ಬಿಟ್ಟರೆ, ಒಂದು ಎರಡು ಮೂರು ನಾಲ್ಕು, ಬೇಡ, ಮೂರನೆಯದೊಂದನ್ನೇ ಬರೆದು ಉಳಿದ ಮೂವರನ್ನು ಉಳಿಸಿದರೆ, ಛೆ, ಎಂಥ ಲೆಕ್ಕ ಹಾಕುತ್ತಿದ್ದೀಯೇ, ಅಂತ ಬೈದುಕೊಂಡಳು ತನ್ನನ್ನೇ, ಬೈದುಕೊಂಡರೂ ಆ ಯೋಚನೆ ಬಂದದ್ದಂತೂ ಬಂತು.

ಸರ್ವರ್ ರ‍್ಯಾಮ್. ಎಲ್ಲಿದೆ ಸರ್ವರ್ ರ‍್ಯಾಮ್, ಪೇಟೆಯಲ್ಲಿ ಇದು ಸಿಕ್ಕಿ ವರ್ಷಗಳಾದವು, ಸಿಕ್ಕರೂ ಇವತ್ತಿಗೆ ಬರುವುದಿಲ್ಲ — ಮೆಟ್ಟಿಲಿನ ಕೆಳಗೆ, ಹೌದು, ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ, ನಾಲ್ಕು ವರ್ಷದ ಹಿಂದೆ ಹೊಗೆ ಬಂದು ಸತ್ತಿತಲ್ಲ ಹಳೆಯ ಸರ್ವರು, ಅದನ್ನು ಅಲ್ಲೇ ತಳ್ಳಿದ್ದರು, ಸುಟ್ಟದ್ದು ಅದರ ಬೋರ್ಡು, ರ‍್ಯಾಮ್ ಸುಟ್ಟಿರಲಿಕ್ಕಿಲ್ಲ. ಕೀಲಿ ಕಾವಲುಗಾರನ ಹತ್ತಿರ, ಕಾವಲುಗಾರ ಊಟಕ್ಕೆ, ಊಟದಿಂದ ಬಂದವನು ಯಾವ ಕೀಲಿ ಅಂತ ಕೇಳಿದ, ಮೂವತ್ತು ಕೀಲಿಯ ಗೊಂಚಲು, ಒಂದೊಂದೇ ಹಾಕಿ ತಿರುಗಿಸಿ ಇಪ್ಪತ್ತಾರನೆಯದಕ್ಕೆ ಬಾಗಿಲು ತೆರೆಯಿತು. ಕಾಲು ಮುರಿದ ಕುರ್ಚಿಗಳು, ಒಂದು ಒಡೆದ ಕರಿಹಲಗೆ, ಯಾರೋ ಬಿಟ್ಟುಹೋದ ಹೆಲ್ಮೆಟ್ಟು, ಎಲ್ಲದರ ತಳದಲ್ಲಿ ಸರ್ವರು, ಸಹಜವೇ, ಬೇಕಾದದ್ದು ತಳದಲ್ಲೇ ಇರಬೇಕು. ಕುರ್ಚಿಗಳನ್ನು ಎತ್ತಿ ಎತ್ತಿ ಹೊರಗಿಟ್ಟು, ಮಂಡಿಯೂರಿ, ಮೊಬೈಲಿನ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು — ಐವತ್ತೊಂದು ವರ್ಷ, ಒಂದು ಮಂಡಿಗೆ ಆಗಲೇ ಡಾಕ್ಟರು ಬೆಲ್ಟು ಬರೆದು ಕೊಟ್ಟಿದ್ದಾರೆ, ಮೆಷಿನಕ್ಕನಿಗೆ ಯಾವ ಅಪ್‌ಗ್ರೇಡೂ ಇಲ್ಲ. ಮುಚ್ಚಳ ತೆಗೆದಳು. ಎಂಟು ಇದ್ದವು. ಎಂಟು, ಸಾಲಾಗಿ, ಮೇಲೆ ಜೇಡರ ಬಲೆ, ಎಣಿಸಿದಳು, ಎಂಟೇ, ಒಂದೊಂದು ಮೆಷಿನ್‌ಗೆ ಎರಡೆರಡು, ಬಾಯಲ್ಲಿ ಟಾರ್ಚು ಇಲ್ಲದಿದ್ದರೆ ಕಾವಲುಗಾರನನ್ನೇ ಅಪ್ಪಿಕೊಳ್ಳುತ್ತಿದ್ದಳೇನೋ. ಮೇಲೆ ಓಡಿ, ಉಜ್ಜಿ, ಒಂದನೆಯದಕ್ಕೆ ಹಾಕಿದಳು, ಗುಂಡಿ ಒತ್ತಿದಳು, ಬೀಪ್ — ಉಸಿರು ಹಿಡಿದಳು — ಎರಡನೇ ಬೀಪ್ ಬರಲಿಲ್ಲ. ಒಂದೇ ಬೀಪ್ ಅಂದರೆ ಎಲ್ಲ ಸರಿ ಅಂತ. ಅವಳ ಮೂವತ್ತು ವರ್ಷದಲ್ಲಿ ಯಾವ ಮನುಷ್ಯನೂ ಇಷ್ಟು ಸ್ಪಷ್ಟವಾಗಿ ಎಲ್ಲ ಸರಿ ಅಂದದ್ದಿಲ್ಲ.

ಕೇಂದ್ರದಿಂದ ಬಂದದ್ದೆಲ್ಲ ಆರು ವರ್ಷದ ಎಂಟಕ್ಕೆ ಸೇರಿತು, ಇನ್ನು ಕಿಟಕಿ ಸಾಲಿಗೆ ನಾಲ್ಕು ಎಸ್‌ಎಸ್‌ಡಿ. ಬೀರುವಿನಲ್ಲಿ ಹಳೆಯ ಅಧಿಕಾರಿಗಳ ಲ್ಯಾಪ್‌ಟಾಪ್ ಮೂರು, ಪರದೆ ಒಡೆದವು, ಬ್ಯಾಟರಿ ಊದಿದವು, ಅವುಗಳ ಹೊಟ್ಟೆಯಲ್ಲಿ ಒಂದೊಂದು ಎಸ್‌ಎಸ್‌ಡಿ, ತೆಗೆದು, ಅಳಿಸಿ, ಒಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಕೈ ತಾನಾಗಿಯೇ ಮೂರನ್ನು ಕೊನೆಗೆ ಬಿಟ್ಟಿತ್ತು, ಕೈಗೂ ಒಂದು ಮನಸ್ಸಿರುತ್ತದೆ. ನಾಲ್ಕನೆಯ ಎಸ್‌ಎಸ್‌ಡಿ ಇಲ್ಲ. ಬೀರು ಮೂರು ಸಲ ತಡಕಿದಳು, ಇಲ್ಲ. ಮೂರನೇ ನಂಬರು ಹಳೆಯ ಡಿಸ್ಕಿನಲ್ಲೇ ಇದ್ದರೆ ಲಾಯಕ್ಕು ಅನ್ನಿಸಿಕೊಳ್ಳಲು ಬೇಕಾದ ವೇಗ ಮುಟ್ಟುವುದಿಲ್ಲ, ಫಾರಂ ಹಿಂದೆ ಆ ಸಂಖ್ಯೆ ಬರೆದಿದ್ದಾರೆ, ಮುಟ್ಟಲಿಲ್ಲ ಅಂದರೆ ಲಾಯಕ್ಕಿಲ್ಲ, ಹನ್ನೊಂದು ಸರಿ ಒಂದು ಇಲ್ಲ, ನೋಡಿದವರು ಏನನ್ನುತ್ತಾರೆ, ದೂರಮ್ಮನನ್ನೇ ಹುಡುಕಿ ತೆಗೆದಳು ಅನ್ನುತ್ತಾರೆ, ಅನ್ನಲಿ, ಅನ್ನುವವರು ಬಂದು ಬಗ್ಗಲಿ ಈ ಮಂಡಿಯಲ್ಲಿ. ಅವಳ ಸ್ವಂತ ಮೇಜು ಬಾಗಿಲ ಪಕ್ಕದಲ್ಲಿದೆ, ಅದರ ಕೆಳಗೆ ಹದಿಮೂರನೆಯ ಮೆಷಿನ್, ನಿರ್ವಹಣೆಯದು, ಫಾರಂನಲ್ಲಿ ಅದರ ಹೆಸರೇ ಇಲ್ಲ, ಅದರಲ್ಲಿ ಒಂದು ಎಸ್‌ಎಸ್‌ಡಿ ಇದೆ, ಕಳೆದ ವರ್ಷ ಹತ್ತು ಪತ್ರ ಬರೆದು ತರಿಸಿಕೊಂಡದ್ದು. ಅದನ್ನು ನೋಡಿದಳು, ಬೇರೆ ಕಡೆ ನೋಡಿದಳು, ಗಡಿಯಾರ ನೋಡಿದಳು, ನಾಲ್ಕು ಹತ್ತು. ನನಗೇನು ಹುಚ್ಚಾ, ಅಂತ ಜೋರಾಗಿಯೇ ಅಂದಳು, ಅನ್ನುತ್ತಲೇ ಸ್ಕ್ರೂ ಬಿಚ್ಚುತ್ತಿದ್ದಳು, ಒಂದು, ಎರಡು, ಮೂರು, ನಾಲ್ಕು, ಬಿಚ್ಚಿದ ನಾಲ್ಕನ್ನೂ ಮುಚ್ಚಳದಲ್ಲಿ ಹಾಕಿಟ್ಟಳು, ಉಳಿಯಬಾರದು. ಮೂರನೇ ನಂಬರಿಗೆ ತನ್ನ ಎಸ್‌ಎಸ್‌ಡಿ, ತನ್ನದಕ್ಕೆ ಮೂರನೇ ನಂಬರಿನ ಕಿರುಗುಡುವ ಹಳೆಯ ಡಿಸ್ಕು, ಬಟನ್ ಸೆಲ್ ಹೊಸದು, ಪೇಸ್ಟು ಹೊಸದು, ಬ್ರಷ್ಷು ಮಾತ್ರ ಒಳಗೇ ಉಳಿಯಿತು, ಇರಲಿ, ಅಲ್ಲಾಡುವುದಿಲ್ಲ. ಗುಂಡಿ ಒತ್ತಿ ಎಣಿಸಿದಳು, ಇಪ್ಪತ್ತೆರಡಕ್ಕೆ ಪರದೆ ಬಂತು, ಮುಂಚೆ ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿದ್ದ ಮಹಾರಾಯ, ಇಪ್ಪತ್ತೆರಡು ಸೆಕೆಂಡು. ಐದಕ್ಕೆ ಎಂಟು ನಿಮಿಷ ಇರುವಾಗ ಮ್ಯಾನೇಜರ್ ಮುಂದೆ ಫಾರಂ ಇಟ್ಟಳು. ಆತ ಓದಿದ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ನಾಲ್ಕು ಬರೀರಿ ಅಂದಿದ್ದೆ ಮೇಡಂ. ಹನ್ನೆರಡೂ ಸರಿಯಿವೆ ಸಾರ್, ಟೆಕ್ನಿಕಲ್ಲಾಗಿ. ಹಾಗಾದ್ರೆ ನಾನೇ ಆರಿಸ್ಬೇಕಾಗುತ್ತೆ. ಆರಿಸಿ ಸಾರ್, ಮೆಷಿನ್ ಹೆಸರು ಮಾತ್ರ ಹೇಳ್ಬೇಡಿ. ಆತ ಫಾರಂ ಮೇಲೆ ಅಂಗೈ ಇಟ್ಟ, ಮುಖ ಉಜ್ಜಿಕೊಂಡು, ನನ್ನ ಕೈಲೂ ಆಗಲ್ಲ ರೀ, ಅಂದ, ಪೆನ್ನು ತೆಗೆದು ಹನ್ನೆರಡರ ಕೆಳಗೆ ಸಹಿ ಹಾಕಿದ, ಕಳಿಸ್ತೀನಿ, ಅವರು ಏನಾದ್ರೂ ಕೇಳ್ಲಿ, ಕೇಳಿದಾಗ ನೋಡೋಣ.

ಮರುದಿನ ಬೆಳಗ್ಗೆ ಬಂದರೆ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಚೆನ್ನಾಗಾಯ್ತಕ್ಕ ಅನ್ನುತ್ತಾರೆ ಅಂತ ಅವಳು ಅಂದುಕೊಂಡಿರಲಿಲ್ಲ, ಇಲ್ಲ, ಸ್ವಲ್ಪ ಅಂದುಕೊಂಡಿದ್ದಳು. ಮೆಷಿನಕ್ಕ ನನ್ನ ಐಕಾನೆಲ್ಲ ಎಡಗಡೆ ಬಂದಿವೆ. ಮೆಷಿನಕ್ಕ ಫ್ಯಾನ್ ಸದ್ದು ಬರ್ತಿಲ್ಲ, ಕೆಟ್ಟೋಗಿದ್ಯಾ. ಹೊಸಬ ಮಾತ್ರ ಬೇಗ ಆಗಿದೆ ಅಂದ, ಆಮೇಲೆ ಇನ್ನೂ ಬೇಗ ಮಾಡೋಕಾಗಲ್ವಾ ಅಂದ. ತಟ್ಟಣ್ಣ ಕೈ ಎತ್ತಿದ, ನಕ್ಷೆ ಆಗಲೇ ತೆರೆದುಕೊಂಡಿತ್ತು, ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆ ಕೆರೆದುಕೊಂಡ, ಅವಳತ್ತ ತಿರುಗಿ ಒಂದು ಸಲ ತಲೆಯಾಡಿಸಿದ, ಅಷ್ಟೇ, ಅಷ್ಟು ಸಾಕಿತ್ತು. ಕೇಂದ್ರ ಕಚೇರಿಯಿಂದ ಗಮನಿಸಲಾಗಿದೆ ಅಂತ ಒಂದೇ ಸಾಲು ಬಂದಿದೆಯಂತೆ, ಮ್ಯಾನೇಜರ್ ಹಾದುಹೋಗುವಾಗ ಗೊಣಗಿ ಹೋದ, ಸದ್ಯಕ್ಕೆ ಸದ್ಯ. ಅವಳ ಸ್ವಂತ ಮೆಷಿನ್ ಕಿರುಗುಡುತ್ತ ಎದ್ದೇಳಲು ಒದ್ದಾಡುತ್ತಿತ್ತು, ಬಿಳಿ ಚುಕ್ಕೆಗಳು ಸುತ್ತುತ್ತಿದ್ದವು, ಅಷ್ಟರಲ್ಲಿ ಮೇಜಿನ ಮುಂದೆ ದೂರಮ್ಮ, ಕೈಯಲ್ಲಿ ಚೀಟಿ. ನಲವತ್ತೆರಡನೆಯದು. ಏನ್ರೀ ಈಗ, ಅಂದಳು ಮೆಷಿನಕ್ಕ. ಆನ್ ಆಗೋದು ತುಂಬ ಬೇಗ ಆಯ್ತು. ಏನಂದ್ರಿ. ಬೇಗ ಆಯ್ತು ಅಂದೆ, ಮುಂಚಿನ ಹಾಗೆ ಮಾಡೋಕಾಗುತ್ತಾ. ರೀ, ಸ್ಲೋ ಅಂತ ನಲವತ್ತೊಂದು ಸಲ ಬರ್ಕೊಟ್ಟೋರು ನೀವೇ ಅಲ್ವಾ. ಬರ್ದೆ, ಕೆಲಸ ಮಾಡುವಾಗ ಸ್ಲೋ ಅಂತ ಬರ್ದೆ, ಶುರುವಾಗೋದು ಸ್ಲೋ ಅಂತ ಒಂದು ಸಲನೂ ಬರ್ದಿಲ್ಲ, ತೆಗೆದು ನೋಡಿ. ದನಿ ಏರಿರಲಿಲ್ಲ, ಯಾವತ್ತಿನ ದೂರಿನ ದನಿಯಲ್ಲ ಅದು, ಹಾಲಿನತ್ತ ಒಮ್ಮೆ ನೋಡಿ ಇನ್ನೂ ತಗ್ಗಿಸಿ, ಮನೇಲಿ ಅಕ್ಕ ಇದಾಳೆ, ಅವಳಿಗೆ ಹಗಲು ರಾತ್ರಿ ಗೊತ್ತಾಗಲ್ಲ, ಕಣ್ಣು ಮುಚ್ಚೋಕೆ ಬಿಡಲ್ಲ, ಬಸ್ಸಲ್ಲಿ ಸೀಟ್ ಸಿಗಲ್ಲ, ಇಲ್ಲಿ ಬಂದು ಅದರ ಗುಂಡಿ ಒತ್ತಿದ್ರೆ ಹನ್ನೊಂದು ನಿಮಿಷ ಯಾರೂ ನನ್ನ ಏನೂ ಕೇಳ್ತಿರ್ಲಿಲ್ಲ, ಅಷ್ಟೇ, ಆಗಲ್ಲ ಅಂದ್ರೆ ಬೇಡ ಬಿಡಿ. ಚೀಟಿಯನ್ನು ಅಲ್ಲೇ ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡು ಹೋದಳು.

ಕಡತ ತೆಗೆದು ನೋಡಿದಳು, ಸಿಟ್ಟಿಗೇ ತೆಗೆದಳು, ಒಂದಾದರೂ ಸಿಕ್ಕರೆ ಹೋಗಿ ಮುಖದ ಮುಂದೆ ಹಿಡಿಯೋಣ ಅಂತ, ಒಂದರಿಂದ ನಲವತ್ತೊಂದರವರೆಗೆ, ಗೆರೆ ತಡ, ಉಳಿಸಲು ತಡ, ಮುದ್ರಣ ತಡ, ಸದ್ದು, ಬಿಸಿ, ಗಡಿಯಾರ, ಮತ್ತೆ ಗೆರೆ ತಡ, ಇಲ್ಲ, ಶುರುವಾಗಲು ತಡ ಅಂತ ಒಂದೂ ಇಲ್ಲ, ಒಂಬತ್ತು ವರ್ಷದಲ್ಲಿ ಒಂದೂ. ಇಷ್ಟು ವರ್ಷ ಈ ಚೀಟಿಗಳಿಗೆ ಸಹಿ ಹಾಕಿ ಕಳಿಸಿದ್ದಾಳೆ, ಓದಿದ್ದಾಳೆ ಅಂದುಕೊಂಡಿದ್ದಳು. ಈ ಬಾಗಿಲ ಪಕ್ಕದಿಂದ ಮೂರನೇ ನಂಬರು ನೇರ ಕಾಣುತ್ತದೆ, ದಿನಾ ಬೆಳಗ್ಗೆ ಕಂಡಿರಬೇಕು, ಕಂಡದ್ದೇ ಇಲ್ಲ, ಈಗ ಕಾಣುತ್ತಿದೆ, ದೂರಮ್ಮ ಮೆಷಿನ್ ಆಫ್ ಮಾಡಿದಳು, ಒಂದು ಕ್ಷಣ ಬಿಟ್ಟು ಮತ್ತೆ ಗುಂಡಿ ಒತ್ತಿದಳು, ಚೀಲವನ್ನು ಮಡಿಲಿಗೆ ಎಳೆದುಕೊಂಡು, ಎರಡೂ ಅಂಗೈ ಮೇಜಿನ ಮೇಲೆ ಬೋರಲು ಚಾಚಿ, ಕಣ್ಣು ಮುಚ್ಚಿದಳು, ಬಿಗಿಯಾಗಿ, ಹೊತ್ತು ಕಡಿಮೆ ಅಂತ ಗೊತ್ತಿದ್ದವರು ಮುಚ್ಚುವ ಹಾಗೆ. ಗೊತ್ತಿದ್ದರೆ ನಾನು ಏನು ಮಾಡುತ್ತಿದ್ದೆ, ಹಳೆಯ ಡಿಸ್ಕು ಬಿಟ್ಟಿದ್ದರೆ ಸೀಟೇ ಹೋಗುತ್ತಿತ್ತಲ್ಲ ಇವಳದು, ಹೋಗಿ ಹೇಳಲೇ, ನಿಮ್ಮ ಸೀಟು ಉಳಿಸಲು ಹೋಗಿ ರೀ, ಹೇಗೆ ಹೇಳುವುದು, ಹೇಳಿದರೆ ನಿದ್ದೆ ಬರುತ್ತದಾ, ಎಂಟು ರ‍್ಯಾಮಿಗೆ ಮಂಡಿಯೂರಿದೆ, ಎಸ್‌ಎಸ್‌ಡಿ ಕಿತ್ತು ಕೊಟ್ಟೆ, ಎಲ್ಲ ಸರಿ ಮಾಡಿದೆ, ಒಂದೇ ಬೀಪ್, ಎಲ್ಲ ಸರಿ — ಅಂಗೈಗಳು ಬೋರಲು, ಕಣ್ಣು ಮುಚ್ಚಿದೆ, ಪರದೆ ಆಗಲೇ ಹತ್ತಿಕೊಂಡಿದೆ, ಆ ನೀಲಿ ಬೆಳಕು ಅವಳ ಮುಚ್ಚಿದ ರೆಪ್ಪೆಗಳ ಮೇಲೆ ಬಿದ್ದಿದೆ, ತೆರೆಯುತ್ತಿಲ್ಲ, ರೆಪ್ಪೆಗಳ ಮೇಲೆ ನೀಲಿ ಬೆಳಕು, ಕೆಲಸಕ್ಕೆ ಸಿದ್ಧವಾಗಿ, ಮುಚ್ಚಿದ ರೆಪ್ಪೆಗಳ ಮೇಲೆ